ಭಾವ ಅಲಾಸ್ಕಾಗೆ ಕರಡಿ ಬೇಟೆಗೆ ಕರೆಯುತ್ತಿದ್ದಾರೆ, ದೋಣಿಯಲ್ಲಿ. ಹೋಗಲಾ, ಬೇಡವಾ?

ಕುವೆಂಪುನಗರದ ಹುಡುಗ:

ಎಲ್ಲರಿಗೂ ನಮಸ್ಕಾರ. ಅಕ್ಕ ಭಾವ ಸಿಯಾಟಲ್‌ನಲ್ಲಿದ್ದಾರೆ. ಭಾವ ಈಗ ಅಲ್ಲಿನ ಪ್ರಜೆ, ಬೇಟೆಯ ಹುಚ್ಚು ಹತ್ತಿದೆ. ಬರುವ ಮೇ ತಿಂಗಳಿಗೆ ಆಗ್ನೇಯ ಅಲಾಸ್ಕಾದಲ್ಲಿ ಕಂದು ಕರಡಿ ಬೇಟೆ ಬುಕ್ ಮಾಡಿದ್ದಾರೆ. ಗೈಡ್ ಇರುತ್ತಾನೆ, ಊಟ ನಿದ್ದೆ ಎಲ್ಲ ದೋಣಿಯಲ್ಲೇ, ದ್ವೀಪಗಳ ದಡ ಹಿಡಿದು ಸುತ್ತುವುದಂತೆ. "ನೀನು ಬಂದೂಕು ಮುಟ್ಟಬೇಡ, ಸುಮ್ನೆ ಜೊತೆಗೆ ಬಾ" ಅಂತ ನನ್ನನ್ನು ಕರೆಯುತ್ತಿದ್ದಾರೆ. ವೀಸಾ ಇದೆ, ಖರ್ಚು ಅವರದೇ.

ಕಬಿನಿ ಹಿನ್ನೀರಿನ ದೋಣಿ ಸಫಾರಿ ಅಂದರೆ ನನಗೆ ಪ್ರಾಣ. ದಡದಲ್ಲಿ ಆನೆ ನೀರು ಕುಡಿಯುವುದನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತೇನೆ. ಆದರೆ ಹಾಗೆ ನೋಡುತ್ತಿರುವ ಪ್ರಾಣಿಗೆ ಪಕ್ಕದಲ್ಲಿ ಕೂತವರೇ ಗುಂಡು ಹೊಡೆದರೆ ತಡೆದುಕೊಳ್ಳುತ್ತೇನಾ ಅನ್ನುವುದೇ ಯೋಚನೆ. ದೋಣಿಯಿಂದಲೇ ಹೊಡೆಯುತ್ತಾರಾ? ದಿನಾ ಏನು ಮಾಡುತ್ತಾರೆ? ಚರ್ಮವನ್ನು ಮಂಡ್ಯದ ಅವರ ಅಪ್ಪನ ಮನೆ ಹಾಲ್‌ನಲ್ಲಿ ಹಾಕಬೇಕು ಅಂತ ಭಾವನ ಆಸೆ, ಅದು ಆಗುತ್ತಾ? ಬೈಯುವವರು ಬೈಯಿರಿ, ಆದರೆ ವಿಷಯ ಗೊತ್ತಿರುವವರು ಮೊದಲು ಹೇಳಿ.

ಜೂನೋ ರಿಟರ್ನ್:

ನಾನು ಈಗ ವಿಜಯನಗರ ಎರಡನೇ ಹಂತದಲ್ಲಿದ್ದೇನೆ. ಮುಂಚೆ ಅಲಾಸ್ಕಾದ ಜೂನೋದಲ್ಲಿದ್ದಾಗ ಇಂಥ ದೋಣಿಯಲ್ಲಿ ಅಡುಗೆಗೆ ಇದ್ದೆ. ಬೇಟೆ ಆಡಿಲ್ಲ, ಆಡುವವರನ್ನು ಹತ್ತಿರದಿಂದ ನೋಡಿದ್ದೇನೆ.

ಆ ಕಡೆ ಅಡ್ಮಿರಾಲ್ಟಿ, ಬಾರನೋಫ್, ಚಿಚಗಾಫ್ ಅಂತ ಮೂರು ದೊಡ್ಡ ದ್ವೀಪಗಳಿವೆ. ಅಲ್ಲಿ ಕಂದು ಕರಡಿ ಮಾತ್ರ, ಕಪ್ಪು ಕರಡಿ ಇಲ್ಲ. ಎಲ್ಲ ಟಾಂಗಸ್ ಕಾಡಿನೊಳಗೆ ಬರುತ್ತವೆ, ಸುಮಾರು 1 ಕೋಟಿ 70 ಲಕ್ಷ ಎಕರೆ ಮಳೆಕಾಡು ಅದು. ಊರು ಬಿಟ್ಟರೆ ರಸ್ತೆ ಅನ್ನುವುದು ತುಂಬಾ ಕಡಿಮೆ, ಕಾಡು ನೀರಿನ ಅಂಚಿಗೇ ಬಂದು ನಿಂತಿರುತ್ತದೆ, ಒಳಗೆ ಕಾಲಿಟ್ಟರೆ ಬಿದ್ದ ಮರ, ಪಾಚಿ, ಮುಳ್ಳು ಪೊದೆ. ಅದಕ್ಕೇ ದೋಣಿ.

ಮೇ ತಿಂಗಳೇ ಯಾಕೆ ಅಂದರೆ, ಕರಡಿಗಳು ಆಗ ತಾನೇ ಗುಹೆ ಬಿಟ್ಟು ಎದ್ದಿರುತ್ತವೆ. ಮೇಲೆ ಬೆಟ್ಟದಲ್ಲಿ ಇನ್ನೂ ಹಿಮ. ಮೊದಲು ಹಸಿರು ಕಾಣುವುದು ನದಿ ಸಮುದ್ರ ಸೇರುವ ಬಯಲಿನಲ್ಲಿ. ನಮ್ಮ ಗದ್ದೆಯ ಜೇಕಿನ ಜಾತಿಯ ಎಳೆ ಹುಲ್ಲು ಅಲ್ಲಿ ಚಿಗುರುತ್ತದೆ, ಕರಡಿಗಳು ಅದನ್ನು ದನದಂತೆ ಮೇಯುತ್ತವೆ. ಜೊತೆಗೆ ಅದು ಬೆದೆಯ ಕಾಲ. ದೊಡ್ಡ ಗಂಡುಗಳು ಹೆಣ್ಣು ಹುಡುಕಿಕೊಂಡು ದಡದುದ್ದಕ್ಕೂ ನಡೆಯುತ್ತವೆ.

ದೊಡ್ಡ ದೋಣಿ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿರುತ್ತದೆ. ಅಲ್ಲಿಂದ ಸ್ಕಿಫ್ ಅಂತ ಚಿಕ್ಕ ಮೋಟಾರ್ ದೋಣಿಯಲ್ಲಿ ಹೊರಡುತ್ತಾರೆ. ದಿನದ ಬಹುಪಾಲು ಬೈನಾಕ್ಯುಲರ್ ಹಿಡಿದು ದಡ ನೋಡುವುದೇ ಕೆಲಸ. ಮಳೆ ಸುರಿಯುತ್ತಿರುತ್ತದೆ, ಕೈ ಮರಗಟ್ಟುತ್ತದೆ, ಆದರೂ ನೋಡುತ್ತಲೇ ಇರಬೇಕು. ಸಂಜೆ ಒಂಬತ್ತಾದರೂ ಬೆಳಕಿರುತ್ತದೆ, ಕರಡಿ ಹೊರಗೆ ಬರುವುದೂ ಆ ಹೊತ್ತಿಗೇ ಜಾಸ್ತಿ. ಒಳ್ಳೆಯದು ಕಂಡರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ದೂರದಲ್ಲೇ ಎಂಜಿನ್ ನಿಲ್ಲಿಸಿ, ಹುಟ್ಟು ಹಾಕಿ ದಡ ಸೇರುತ್ತಾರೆ. ಕರಡಿಯ ಮೂಗು ಅಂಥದ್ದು, ಗಾಳಿ ಒಂದು ಸಲ ತಿರುಗಿದರೆ ಮುಗಿಯಿತು. ಮೋಟಾರ್ ಓಡುತ್ತಿರುವ ದೋಣಿಯಿಂದ ಹೊಡೆಯುವ ಹಾಗಿಲ್ಲ. ಎಂಜಿನ್ ಪೂರ್ತಿ ನಿಂತಿರಬೇಕು, ಅದರ ವೇಗಕ್ಕೆ ದೋಣಿ ಜಾರುವುದೂ ನಿಂತಿರಬೇಕು. ಒಳ್ಳೆಯ ಗೈಡ್‌ಗಳು ನೆಲಕ್ಕೆ ಇಳಿಸದೆ ಹೊಡೆಸುವುದೇ ಇಲ್ಲ, ಅಲೆಯ ಮೇಲೆ ಗುರಿ ಹಿಡಿದರೆ ಕರಡಿಗೆ ಗಾಯವಾಗಿ ಕಾಡು ಸೇರುತ್ತದೆ. ಗಾಯಗೊಂಡ ಕರಡಿಯನ್ನು ಆ ಪೊದೆಯೊಳಗೆ ಹುಡುಕಿಕೊಂಡು ಹೋಗಬೇಕಾದವನು ಗೈಡೇ.

ಕರಡಿಗಿಂತ ನನಗೆ ಭಯ ಇದ್ದದ್ದು ಉಬ್ಬರ ಇಳಿತದ್ದು. ಕೆಲವು ದಿನ ನೀರು 20 ಅಡಿ ಏರಿ ಇಳಿಯುತ್ತದೆ. ಸ್ಕಿಫ್ ಅನ್ನು ದಡಕ್ಕೆ ಎಳೆದಿಟ್ಟು ಕಾಡಿಗೆ ಹೋದವರು ವಾಪಸ್ ಬರುವಷ್ಟರಲ್ಲಿ ದೋಣಿ ತೇಲಿ ಹೋಗಿರಬಹುದು, ಇಲ್ಲ ಕೆಸರಿನ ಮಧ್ಯೆ ಕೂತಿರಬಹುದು. ಗೈಡ್ ಹೇಳಿದ ಮಾತು ಮೀರಬೇಡಿ.

ಕಾನೂನು: ಅಲಾಸ್ಕಾದ ನಿವಾಸಿಯಲ್ಲದ ಅಮೆರಿಕನ್ನರಿಗೆ ಕಂದು ಕರಡಿ ಬೇಟೆಗೆ ಲೈಸೆನ್ಸ್ ಇರುವ ಗೈಡ್ ಬೇಕೇ ಬೇಕು, ಇಲ್ಲ ಅಲ್ಲೇ ನೆಲೆಸಿರುವ ಹತ್ತಿರದ ಸಂಬಂಧಿ ಜೊತೆಗಿರಬೇಕು. ನಿಮ್ಮಂಥ ವಿದೇಶಿಯರು ಹೊಡೆಯುವುದಾದರೆ ಕಪ್ಪು ಕರಡಿಗೂ ಗೈಡ್ ಬೇಕು. ಆ ದ್ವೀಪಗಳಲ್ಲಿ ಒಬ್ಬರಿಗೆ 4 ವರ್ಷಕ್ಕೆ ಒಂದೇ ಕಂದು ಕರಡಿ. ಮರಿ, ಮರಿ ಇರುವ ತಾಯಿ ಎರಡನ್ನೂ ಮುಟ್ಟುವಂತಿಲ್ಲ. ಹೊಡೆದ ಮೇಲೆ ತಲೆಬುರುಡೆ, ಚರ್ಮ ಅಲ್ಲಿನ ವನ್ಯಜೀವಿ ಇಲಾಖೆಗೆ ತೋರಿಸಿ ಸೀಲ್ ಹಾಕಿಸಬೇಕು. ವಯಸ್ಸು ತಿಳಿಯಲು ಒಂದು ಹಲ್ಲು ಕೀಳುತ್ತಾರೆ.

ಮಂಡ್ಯ ವಕೀಲ:

ಚರ್ಮದ ವಿಷಯ ನಾನು ಹೇಳುತ್ತೇನೆ. ಕಂದು ಕರಡಿ ಸೈಟಿಸ್ ಅನ್ನುವ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಅಮೆರಿಕದಿಂದ ಹೊರಗೆ ಕಳಿಸಲು ಅಲ್ಲಿನ ಪರ್ಮಿಟ್ ಬೇಕು. ಇಲ್ಲಿ ಆಮದಿಗೆ ಬೇರೆ ಅನುಮತಿ ಬೇಕು, ಸೂಟ್‌ಕೇಸಿನಲ್ಲಿ ಮಡಿಸಿ ತಂದರೆ ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ ಸೈಟಿಸ್‌ಗೇ ಒಂದು ಅಧ್ಯಾಯ ಸೇರಿದೆ. ನಿಮ್ಮ ಭಾವ ಚರ್ಮವನ್ನು ಸಿಯಾಟಲ್ ಮನೆಯಲ್ಲೇ ಇಟ್ಟುಕೊಳ್ಳಲಿ.

ಮೈಸೂರಿನವರಿಗೆ ಇದು ಹೊಸದಲ್ಲ. ವ್ಯಾನ್ ಇಂಗೆನ್ ಅವರ ಕಾರ್ಖಾನೆ ಇದ್ದ ಊರು ನಿಮ್ಮದು. ರಾಜರು, ಬ್ರಿಟಿಷರು ಹೊಡೆದ ಹುಲಿ, ಚಿರತೆಗಳನ್ನು ಸಾವಿರಗಟ್ಟಲೆ ಹದ ಮಾಡಿ ನಿಲ್ಲಿಸಿದ ಜಾಗ, 1999ರಲ್ಲಿ ಮುಚ್ಚಿತು. ಅಜ್ಜನ ಕಾಲದ ಟ್ರೋಫಿ ಮನೆಯಲ್ಲಿದ್ದರೂ ಮಾಲೀಕತ್ವದ ಸರ್ಟಿಫಿಕೇಟ್ ಇರಬೇಕು. 2023ರಲ್ಲಿ ಹುಲಿ ಉಗುರಿನ ಗಲಾಟೆ ಆದಾಗ ಎಷ್ಟು ಜನ ಗಾಬರಿಯಾದರು ಅಂತ ನೆನಪಿದೆ ಅಲ್ವಾ? ಹಿರಿಯರಿಗೆ ಆ ತೊಂದರೆ ತಂದಿಡಬೇಡಿ.

ನಾಗಮಂಗಲದ ಶಿಕ್ಷಕಿ:

ನನ್ನ ಮಾತು ನೇರ: ಹೋಗಬೇಡಿ. ಹಸಿವಿಗೆ ಬೇಟೆಯಾಡುವವರನ್ನು ನಾನು ದೂರುವುದಿಲ್ಲ. ಇಲ್ಲಿ ತಿನ್ನುವುದಕ್ಕೆ ಯಾರೂ ಹೊಡೆಯುತ್ತಿಲ್ಲ. ಚರ್ಮ, ಬುರುಡೆ ತೆಗೆದುಕೊಂಡು ಮಿಕ್ಕ ಮೈಯನ್ನು ದಡದಲ್ಲೇ ಬಿಡುತ್ತಾರೆ. ಹೆಣ್ಣು ಕಂದು ಕರಡಿ ಮೊದಲ ಸಲ ಮರಿ ಹಾಕುವುದಕ್ಕೇ 5 ವರ್ಷಕ್ಕಿಂತ ಜಾಸ್ತಿ ಬೇಕು, ಆಮೇಲೆ ಆ ಮರಿಗಳನ್ನು 2-3 ವರ್ಷ ಜೊತೆಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಅಷ್ಟು ನಿಧಾನವಾಗಿ ಬೆಳೆಯುವ ಜೀವವನ್ನು ಗೋಡೆಗೆ ಹಾಕಲು ಕೊಲ್ಲುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಪಕ್ಕದ ಕೆನಡಾದ ಬ್ರಿಟಿಷ್ ಕೊಲಂಬಿಯಾ ನೋಡಿ. ಅದೇ ಥರದ ಕಡಲ ತೀರ, ಅದೇ ಥರದ ಮಳೆಕಾಡು. ಕರಾವಳಿಯ ಮೂಲನಿವಾಸಿ ಸಮುದಾಯಗಳು 2012ರಲ್ಲೇ ತಮ್ಮ ನೆಲದಲ್ಲಿ ಶೋಕಿಗೆ ಕರಡಿ ಹೊಡೆಯುವುದು ಬೇಡ ಅಂತ ಘೋಷಿಸಿದವು. ರೇನ್‌ಕೋಸ್ಟ್ ಅನ್ನುವ ಸಂಸ್ಥೆ ಬೇಟೆ ಗೈಡ್‌ಗಳ ಹಕ್ಕುಗಳನ್ನೇ ದುಡ್ಡು ಕೊಟ್ಟು ಕೊಂಡಿತು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಸರ್ಕಾರ ಗ್ರಿಜ್ಲಿ, ಅಂದರೆ ಕಂದು ಕರಡಿಯ, ಬೇಟೆ ನಿಲ್ಲಿಸಿತು, ಮೂಲನಿವಾಸಿಗಳ ಸಂಪ್ರದಾಯದ ಬಳಕೆಗೆ ಮಾತ್ರ ಬಿಟ್ಟಿತು. ಈಗ ಅಲ್ಲಿ ಜನ ದೋಣಿಯಲ್ಲಿ ಹೋಗಿ ಕರಡಿ ನೋಡಿಕೊಂಡು ಬರುತ್ತಾರೆ.

ಜೂನೋ ರಿಟರ್ನ್:

ಮೇಡಂ, ಮಾಂಸದ ವಿಷಯ ನೀವು ಹೇಳಿದ್ದು ನಿಜ. ವಸಂತದಲ್ಲಿ ಹೊಡೆದ ಕಪ್ಪು ಕರಡಿಯ ಮಾಂಸ ತರಲೇಬೇಕು ಅನ್ನುವ ನಿಯಮವಿದೆ, ಕಂದು ಕರಡಿಗೆ ಆ ದ್ವೀಪಗಳಲ್ಲಿ ಇಲ್ಲ. ಆದರೆ ಅಲಾಸ್ಕಾದಲ್ಲಿ ಸುಮಾರು 30 ಸಾವಿರ ಕಂದು ಕರಡಿಗಳಿವೆ, ಇಲಾಖೆ ಲೆಕ್ಕ ಇಟ್ಟು ಬೇಟೆ ಬಿಡುತ್ತದೆ. ಸಂತತಿ ಅಳಿಯುತ್ತದೆ ಅನ್ನುವ ವಾದ ಅಲ್ಲಿಗೆ ಹೊಂದುವುದಿಲ್ಲ.

ನಾಗಮಂಗಲದ ಶಿಕ್ಷಕಿ:

ಅಳಿಯುತ್ತದೆ ಅಂತ ನಾನು ಹೇಳಲೇ ಇಲ್ಲ ಸರ್. 30 ಸಾವಿರ ಇದ್ದರೂ ಹೊಡೆದದ್ದು ಒಂದು ಕರಡಿಯನ್ನೇ. ಅದನ್ನು ಕೊಲ್ಲುವ ಅಗತ್ಯ ಯಾರಿಗಿತ್ತು ಅಂತ ಕೇಳುತ್ತಿದ್ದೇನೆ.

ಜೂನೋ ರಿಟರ್ನ್:

ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ, ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಆ ದೋಣಿಯಲ್ಲಿ ನಿಮಗೂ ಕೆಲಸ ಇದೆ. ಒಂಟಿ ಹೆಣ್ಣು ಕರಡಿಯನ್ನು ಹೊಡೆಯಲು ಕಾನೂನು ಅಡ್ಡ ಬರುವುದಿಲ್ಲ, ಆದರೆ ಮನಸ್ಸಿರುವ ಗೈಡ್ ಬಿಟ್ಟುಬಿಡುತ್ತಾನೆ. ದೂರದಿಂದ ಗಂಡು ಹೆಣ್ಣು ಗುರುತಿಸುವುದು ಸುಲಭವಲ್ಲ. ದೊಡ್ಡ ಗಂಡಿಗೆ ತಲೆ ಅಗಲ, ಕಿವಿಗಳು ಚಿಕ್ಕದಾಗಿ ದೂರ ದೂರ ಕಾಣುತ್ತವೆ, ಕುತ್ತಿಗೆ ದಪ್ಪ. ಎಷ್ಟೋ ಸಲ ಒಂಟಿ ಅಂದುಕೊಂಡ ಕರಡಿಯ ಹಿಂದೆ ಹುಲ್ಲಿನೊಳಗಿಂದ ಮರಿ ಎದ್ದು ಬರುತ್ತದೆ. ಅದಕ್ಕೇ ಅವಸರ ಮಾಡದೆ ಕಾಯಬೇಕು. ಒಂದು ಟ್ರಿಪ್‌ಗೆ 20 ಸಾವಿರ ಡಾಲರ್‌ಗಿಂತ ಜಾಸ್ತಿ ಕೊಟ್ಟವರಿಗೆ, ಒಂದು ಕರಡಿ ಹೊಡೆಯುವ ಪರವಾನಗಿ ಚೀಟಿಯಾದ ಟ್ಯಾಗ್ ಒಂದಕ್ಕೇ 1,000 ಡಾಲರ್ ಕಟ್ಟಿದವರಿಗೆ, ಕೊನೆಯ ದಿನ ಹತ್ತಿರ ಬಂದ ಹಾಗೆ ಕೈ ಚುರುಗುಟ್ಟುತ್ತದೆ. ಬಂದೂಕು ಹಿಡಿಯದೆ ಪಕ್ಕದಲ್ಲಿ ಕೂತವನು "ಇನ್ನೂ ಸ್ವಲ್ಪ ನೋಡೋಣ ಭಾವ" ಅಂದರೆ ಎಷ್ಟು ತೂಕ ಇರುತ್ತದೆ ಗೊತ್ತಾ?

ಕುವೆಂಪುನಗರದ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅಕ್ಕನಿಗೂ ಭಾವನಿಗೂ ಫೋನ್ ಮಾಡಿದೆ. ಚರ್ಮ ಮಂಡ್ಯಕ್ಕೆ ಬರುವುದಿಲ್ಲ ಅಂತ ಭಾವ ಒಪ್ಪಿಕೊಂಡರು. ಮೇಡಂ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಅವರು ಬುಕಿಂಗ್ ಬಿಡುವುದಿಲ್ಲ, ಆದರೆ ಹೆಣ್ಣು ಕರಡಿ ಹೊಡೆಯುವುದಿಲ್ಲ, ಸಿಗದಿದ್ದರೆ ಬರಿಗೈಯಲ್ಲಿ ಬರುತ್ತೇನೆ ಅಂತ ಮಾತು ಕೊಟ್ಟರು. ಆ ಮಾತು ನಿಲ್ಲಬೇಕಾದರೆ ನಾನು ಅಲ್ಲಿರಬೇಕು ಅನ್ನಿಸಿತು. ಹೋಗುತ್ತೇನೆ. ಬೇಟೆಗೆ ಮೊದಲೇ ಜೂನೋಗೆ ಹೋಗಿ, ಅಡ್ಮಿರಾಲ್ಟಿ ದ್ವೀಪದಲ್ಲಿ ಬಂದೂಕಿಲ್ಲದೆ ಕರಡಿ ನೋಡಲು ಆಗುತ್ತಾ?

ಜೂನೋ ರಿಟರ್ನ್:

ಆಗುತ್ತದೆ. ಪ್ಯಾಕ್ ಕ್ರೀಕ್ ಅಂತ ಜಾಗ ಇದೆ, ಕರಡಿ ನೋಡುವುದಕ್ಕೇ ಮೀಸಲು, ಅಲ್ಲಿ ಬೇಟೆ ಇಲ್ಲ. ಜನರ ಸಂಖ್ಯೆಗೆ ಮಿತಿ ಇದೆ, ಪರ್ಮಿಟ್ ಬೇಕಾಗುತ್ತದೆ. ಆದರೆ ಅಲ್ಲಿ ಜನ ಜಾಸ್ತಿ ಹೋಗುವುದು ಜುಲೈ, ಆಗಸ್ಟ್‌ನಲ್ಲಿ, ಸಾಲ್ಮನ್ ಮೀನು ಹೊಳೆ ಹತ್ತುವಾಗ. ರಜೆ ಸಿಕ್ಕರೆ ಅದಕ್ಕೆ ಬೇರೆಯೇ ಹೋಗಿ, ಭಾವನನ್ನೂ ಕರೆದುಕೊಂಡು ಹೋಗಿ. ಮೇ ಟ್ರಿಪ್‌ಗೆ ಹತ್ತಿ ಬಟ್ಟೆ, ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಉಣ್ಣೆಯ ಒಳಬಟ್ಟೆ, ಗಟ್ಟಿ ರೇನ್‌ಕೋಟ್, ಮೊಣಕಾಲವರೆಗಿನ ರಬ್ಬರ್ ಬೂಟು ಬೇಕು. ಅಲ್ಲಿ ಎಲ್ಲರೂ ಹಾಕುವುದು ಎಕ್ಸ್‌ಟ್ರಾಟಫ್ ಬೂಟು, ಸಿಯಾಟಲ್‌ನಲ್ಲೇ ಸಿಗುತ್ತದೆ. ಒಂದು ಸೈಜ್ ದೊಡ್ಡದು ತಗೊಳ್ಳಿ, ಒಳಗೆ ಎರಡು ಜೊತೆ ಸಾಕ್ಸ್ ಹಿಡಿಸಬೇಕು.