ಡಾನ್ ಸರ್ವಿಸ್: ಕೆಡೆಟ್‌ಗಳು, ಬಾವುಟ, ಬ್ಯೂಗಲ್ – ಸಣ್ಣ ಊರಲ್ಲಿ ಹೊಂದಿಸೋದು ಹೇಗೆ?

ಗೋಧಿಸೀಮೆ:

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಒಳನಾಡಿನ ಸಣ್ಣ ಊರು. ಏಪ್ರಿಲ್ 25ರ ಆನ್ಜಾಕ್ ಡೇ (ಯುದ್ಧಕ್ಕೆ ಹೋದವರನ್ನು, ಮಡಿದವರನ್ನು ನೆನೆಯುವ ದಿನ) ಬೆಳಗಿನ ಜಾವದ ಕಾರ್ಯಕ್ರಮಕ್ಕೆ, ಅಂದರೆ ಡಾನ್ ಸರ್ವಿಸ್‌ಗೆ, ಆರ್‌ಎಸ್‌ಎಲ್‌ನ (ಮಾಜಿ ಸೈನಿಕರ ಸಂಘ) ಹಿರಿಯರ ಜೊತೆ ಕೈಜೋಡಿಸಬೇಕಾಗಿದೆ. ಸ್ಮಾರಕ ಅಂದರೆ ಅಮೃತಶಿಲೆಯ ಸೈನಿಕನ ಪ್ರತಿಮೆ, ಕೆಳಗೆ ಹೆಸರುಗಳು. ಮೂರು ಬಾವುಟದ ಕಂಬ, ತಲಾ 6 ಮೀಟರ್. ಪಕ್ಕದ ಪಟ್ಟಣದ ಆರ್ಮಿ ಕೆಡೆಟ್ಸ್ ಘಟಕದಿಂದ ಕ್ಯಾಟಫಾಲ್ಕ್ ಪಾರ್ಟಿ (ಸ್ಮಾರಕದ ಸುತ್ತ ನಿಲ್ಲುವ ಗೌರವ ಪಹರೆ) ಬರಬಹುದು. ಪ್ರಶ್ನೆಗಳು ಇಷ್ಟು:

1. ಕ್ಯಾಟಫಾಲ್ಕ್ ಪಾರ್ಟಿಗೆ ಎಷ್ಟು ಜನ, ಎಷ್ಟು ಜಾಗ, ಏನು ಎಡವಟ್ಟಾಗುತ್ತದೆ?
2. ಬಾವುಟ ಯಾವಾಗ ಅರ್ಧಕ್ಕೆ, ಯಾವಾಗ ತುದಿಗೆ?
3. ಬ್ಯೂಗಲ್ ಊದುವವರು ಸಿಗದಿದ್ದರೆ?
4. ಕಲ್ಲಿಗೆ ಪಾಚಿ ಹಿಡಿದಿದೆ. ಪ್ರೆಶರ್ ವಾಷರ್ ಹಾಕಬಹುದಾ?
5. ಒಬ್ಬ ಕೆಡೆಟ್ 3 ನಿಮಿಷ ಮಾತಾಡಬೇಕು: ಅಂದಿನ ಹಳ್ಳಿ ಹುಡುಗರಿಗೆ ಸೈನಿಕ ತರಬೇತಿ ಎಲ್ಲಿಂದ ಸಿಗುತ್ತಿತ್ತು ಅನ್ನೋದರ ಬಗ್ಗೆ.

ಕವಾಯತು:

ಮೊದಲನೇದಕ್ಕೆ ನಾನು ಬರೀತೀನಿ. ಕಾವಲಿಗೆ ನಾಲ್ಕು ಜನ, ಆದೇಶ ಕೊಡೋಕೆ ಒಬ್ಬ ಕಮಾಂಡರ್. ಆರನೆಯವರೊಬ್ಬರು ಬದಲಿ ಇರಲೇಬೇಕು, ಯಾಕೆ ಅಂತ ಕೆಳಗೆ ಹೇಳ್ತೀನಿ. ಕ್ಯಾಟಫಾಲ್ಕ್ ಅಂದರೆ ಶವಪೆಟ್ಟಿಗೆ ಇಡುವ ಎತ್ತರದ ಪೀಠ. ಹಿಂದೆ ಪಾರ್ಥಿವ ಶರೀರಕ್ಕೆ ಯಾರೂ ಅಪಚಾರ ಮಾಡದ ಹಾಗೆ ಕಾಯುತ್ತಿದ್ದ ಪಹರೆ ಇದು. ಅದಕ್ಕೇ ನಾಲ್ವರೂ ಸ್ಮಾರಕಕ್ಕೆ ಬೆನ್ನು ಹಾಕಿ ಹೊರಗೆ ಮುಖ ಮಾಡಿ ನಿಲ್ಲೋದು. ಎಷ್ಟೋ ಕಡೆ ಫೋಟೋ ಚೆನ್ನಾಗಿ ಬರಲಿ ಅಂತ ಒಳಗೆ ತಿರುಗಿಸಿಬಿಡ್ತಾರೆ. ಅದು ತಪ್ಪು.

ಕಾರ್ಯಕ್ರಮ ಶುರುವಾಗುವ ಮೊದಲೇ ಸ್ಲೋ ಮಾರ್ಚ್‌ನಲ್ಲಿ ಬಂದು ನಾಲ್ಕು ಮೂಲೆ ಹಿಡೀತಾರೆ. ಆಮೇಲೆ 'ರೆಸ್ಟ್ ಆನ್ ಆರ್ಮ್ಸ್ ರಿವರ್ಸ್‌ಡ್': ರೈಫಲ್ ತಲೆಕೆಳಗಾಗಿ, ನಳಿಗೆಯ ಬಾಯಿ ಎಡ ಬೂಟಿನ ಮೇಲೆ, ಎರಡೂ ಅಂಗೈ ಹಿಡಿಯ ಮೇಲೆ, ತಲೆ ಬಗ್ಗಿಸಿ. ಕೊನೆಯವರೆಗೂ ಹಾಗೇ.

ಎಡವಟ್ಟು ಆಗೋದು ಮೂರು ಕಡೆ. ಒಂದು, ಮೆಟ್ಟಿಲು. ಸಮತಟ್ಟಾದ ಮೈದಾನದಲ್ಲಿ ಅಭ್ಯಾಸ ಮಾಡಿಸಿ, ಆ ದಿನ ಕತ್ತಲಲ್ಲಿ ಇಬ್ಬನಿ ಬಿದ್ದ ಕಲ್ಲಿನ ಮೆಟ್ಟಿಲು ಹತ್ತಿಸಿದರೆ ಸ್ಲೋ ಮಾರ್ಚ್‌ನಲ್ಲಿ ಒಂಟಿ ಕಾಲಿನ ಮೇಲೆ ತೂಕ ಇರೋ ಹೊತ್ತಿಗೇ ಜಾರುತ್ತೆ. ಒಂದು ಸಲವಾದರೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಬೂಟಿನಲ್ಲಿ ಅಭ್ಯಾಸ ಮಾಡಿಸಿ. ನಿಲ್ಲುವ ಜಾಗಕ್ಕೆ ಸೀಮೆಸುಣ್ಣದ ಗುರುತು ಸಾಕು. ಕಲ್ಲಿಗೆ ಟೇಪ್ ಅಂಟಿಸಬೇಡಿ.

ಎರಡು, ತಲೆ ಸುತ್ತಿ ಬೀಳೋದು. ಮಂಡಿ ಬಿಗಿದು ಅಲ್ಲಾಡದೆ ನಿಂತರೆ ರಕ್ತ ಕಾಲಲ್ಲೇ ನಿಂತು ಮೆದುಳಿಗೆ ಕಡಿಮೆಯಾಗುತ್ತೆ. ತಲೆ ಬೇರೆ ಬಗ್ಗಿಸಿರ್ತಾರೆ, ಹೊಟ್ಟೆ ಖಾಲಿ ಇರುತ್ತೆ. ಬರುವ ಮುಂಚೆ ಏನಾದರೂ ತಿಂದಿರಬೇಕು, ನೀರು ಕುಡಿದಿರಬೇಕು. ಮಂಡಿ ಒಂಚೂರು ಸಡಿಲ ಇರಲಿ, ಬೂಟಿನೊಳಗೆ ಕಾಲ್ಬೆರಳು ಮಡಿಸಿ ಬಿಡಿಸ್ತಾ ಇರಲಿ, ಹೊರಗಿನವರಿಗೆ ಕಾಣಲ್ಲ. ಯಾರಾದರೂ ತೂಗಾಡೋಕೆ ಶುರು ಮಾಡಿದರೆ ಬೀಳೋವರೆಗೂ ಕಾಯದೆ ಬದಲಿಯನ್ನು ಕಳಿಸಿ. ಬೀಳುವವರ ಕೈಯಲ್ಲಿ ರೈಫಲ್ ಇದೆ, ಕಾಲ ಕೆಳಗೆ ಕಲ್ಲಿದೆ ಅನ್ನೋದು ನೆನಪಿರಲಿ.

ಮೂರನೇದು ಹೊತ್ತು. 20 ಹಾರ ಇದ್ದು, ಒಂದೊಂದಕ್ಕೆ ಅರ್ಧ ನಿಮಿಷ ಹಿಡಿದರೂ 10 ನಿಮಿಷ ಅಲ್ಲೇ ಹೋಯ್ತು. ಹಾರದವರನ್ನು ಜೋಡಿ ಜೋಡಿಯಾಗಿ ಕಳಿಸಿ, ಇಡೀ ಕಾರ್ಯಕ್ರಮ 30 ನಿಮಿಷ ದಾಟದ ಹಾಗೆ ನೋಡ್ಕೊಳ್ಳಿ.

ಆಯುಧದ ವಿಷಯ: ಕೆಡೆಟ್‌ಗಳು ಸೈನಿಕರಲ್ಲ, ರೈಫಲ್ ಹಿಡೀಬೇಕಾದರೆ ಅವರ ಘಟಕದ ಮೂಲಕ ಅನುಮತಿ ಬರಬೇಕು. ತಿಂಗಳುಗಳ ಮುಂಚೆಯೇ ಕೇಳಿ. ಸಿಗಲಿಲ್ಲ ಅಂದರೆ ಯಾರದೋ ಮನೆಯ ಹಳೇ ರೈಫಲ್ಲೋ ಆಟದ ಕೋವಿಯೋ ತಂದು ಹೊಂದಿಸೋಕೆ ಹೋಗಬೇಡಿ. ನಿಜವಾದದ್ದರ ಹಾಗೆ ಕಾಣುವ ನಕಲಿಗೂ ನ್ಯೂ ಸೌತ್ ವೇಲ್ಸ್ ಕಾನೂನಿನಲ್ಲಿ ಪರ್ಮಿಟ್ ಬೇಕು. ಬರಿಗೈಯಲ್ಲಿ ತಲೆ ತಗ್ಗಿಸಿ ನಿಂತರೂ ಗೌರವಕ್ಕೇನೂ ಕುಂದಿಲ್ಲ.

ಹಗ್ಗರಾಟೆ:

ಬಾವುಟ. ಆನ್ಜಾಕ್ ಡೇ ದಿನ ಮಧ್ಯಾಹ್ನ 12ರವರೆಗೆ ಅರ್ಧಕ್ಕೆ, ಆಮೇಲೆ ತುದಿಗೆ. ಇದನ್ನು ನವೆಂಬರ್ 11ರ ರಿಮೆಂಬರೆನ್ಸ್ ಡೇ ಜೊತೆ ಕಲಸಿಕೊಳ್ಳಬೇಡಿ. ಆವತ್ತು ಬೆಳಿಗ್ಗೆ 8ಕ್ಕೆ ತುದಿಗೆ, 10:30ಕ್ಕೆ ಅರ್ಧಕ್ಕೆ, 11:02ಕ್ಕೆ ವಾಪಸ್ ತುದಿಗೆ.

ಅರ್ಧಕ್ಕೆ ಅಂದರೆ ಕೆಳಗಿಂದ ಸೀದಾ ಅರ್ಧಕ್ಕೆ ಏರಿಸಿ ಕಟ್ಟೋದಲ್ಲ. ಮೊದಲು ತುದಿ ಮುಟ್ಟಿಸಬೇಕು, ನಂತರ ನಿಧಾನಕ್ಕೆ ಇಳಿಸಬೇಕು. ಬಾವುಟದ ಮೇಲಂಚು ಕಂಬದ ಮೂರನೇ ಒಂದು ಭಾಗ ಕೆಳಗಿದ್ದರೆ ಸರಿ. ನಿಮ್ಮ 6 ಮೀಟರ್ ಕಂಬಕ್ಕೆ 2 ಮೀಟರ್ ಕೆಳಗೆ. ಅರ್ಧ ಮೀಟರ್ ಮಾತ್ರ ಇಳಿಸಿದರೆ ಹಗ್ಗ ಸಡಿಲವಾಗಿ ಜಾರಿದ ಹಾಗೆ ಕಾಣುತ್ತೆ ಹೊರತು ಶೋಕದ ಹಾಗಲ್ಲ. ಹಿಂದಿನ ದಿನ ಹಗಲಲ್ಲೇ ಇಳಿಸಿ ನೋಡಿ, ಹಗ್ಗದ ಮೇಲೆ ಆ ಜಾಗಕ್ಕೆ ಬಣ್ಣದ ದಾರ ಸುತ್ತಿ. ಕತ್ತಲಲ್ಲಿ ಕೈಗೇ ಗೊತ್ತಾಗುತ್ತೆ. ಮೂರೂ ಕಂಬ ಒಟ್ಟಿಗೆ ಇಳೀಬೇಕು, ಹಾಗಾಗಿ ಕಂಬಕ್ಕೊಬ್ಬರು.

ಈಗ ಯಾರೂ ಯೋಚಿಸದ ತೊಡಕು: ಬಾವುಟವನ್ನು ಮೊದಲ ಬೆಳಕಿಗಿಂತ ಮುಂಚೆ ಏರಿಸಬಾರದು, ಕತ್ತಲಲ್ಲಿ ಹಾರಬೇಕಾದರೆ ಅದರ ಮೇಲೆ ದೀಪ ಬೀಳ್ತಿರಬೇಕು. ಆ ದಿನಕ್ಕೆ ಡೇಲೈಟ್ ಸೇವಿಂಗ್ (ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡೋದು) ಮುಗಿದಿರುತ್ತೆ, ನಿಮ್ಮ ಕಡೆ ಸೂರ್ಯ ಹುಟ್ಟೋದು ಆರೂವರೆ ಆಸುಪಾಸು. 5:30ಕ್ಕೆ ಶುರು ಮಾಡಿದರೆ ಪೂರ್ತಿ ಕತ್ತಲು, ಕಂಬಗಳಿಗೆ ಫ್ಲಡ್‌ಲೈಟ್ ಬೇಕೇ ಬೇಕು. 6ಕ್ಕೆ ಶುರು ಮಾಡಿದರೆ ಲಾಸ್ಟ್ ಪೋಸ್ಟ್ (ಮೌನಕ್ಕೆ ಮುಂಚೆ ಊದುವ ಬ್ಯೂಗಲ್ ರಾಗ) ಹೊತ್ತಿಗೆ ತಾನಾಗೇ ಬೂದು ಬೆಳಕು ಬಂದಿರುತ್ತೆ. ನನ್ನನ್ನು ಕೇಳಿದರೆ 6.

ತಲೆಕೆಳಗಾಗಿ ಕಟ್ಟೋದು ಕತ್ತಲಿನ ಮಾಮೂಲಿ ತಪ್ಪು. ಅಬೊರಿಜಿನಲ್ ಬಾವುಟದಲ್ಲಿ ಕಪ್ಪು ಮೇಲೆ, ಕೆಂಪು ಕೆಳಗೆ. ಟಾರೆಸ್ ಸ್ಟ್ರೇಟ್ ಐಲ್ಯಾಂಡರ್ ಬಾವುಟದ ಮೇಲೂ ಕೆಳಗೂ ಹಸಿರು ಪಟ್ಟಿಯೇ ಇರೋದರಿಂದ ಮೋಸ ಹೋಗೋದು ಸುಲಭ. ನಡುವಿನ ಬಿಳಿ ತಲೆಯುಡುಗೆ ಕಮಾನಿನ ಹಾಗೆ ನಿಂತಿರಬೇಕು, ನಕ್ಷತ್ರ ಅದರ ಕೆಳಗೆ. ಮೇಲ್ಗಡೆಯ ಕುಣಿಕೆಗೆ ಮೊದಲೇ ಕೆಂಪು ದಾರ ಕಟ್ಟಿಡಿ.

ತಂತಿಸದ್ದು:

ಬ್ಯೂಗಲ್ ಸಿಗದಿದ್ದರೆ ರೆಕಾರ್ಡಿಂಗ್ ಹಾಕಿ, ಅದರಲ್ಲಿ ನಾಚಿಕೆ ಏನಿಲ್ಲ. ಕೆಟ್ಟದಾಗಿ ಊದಿದ್ದಕ್ಕಿಂತ ವಾಸಿ. ಆದರೆ ಲಾಸ್ಟ್ ಪೋಸ್ಟ್, ಮೌನ, ರೌಸ್ (ಮೌನದ ನಂತರದ ಬ್ಯೂಗಲ್ ರಾಗ) ಮೂರನ್ನೂ ಒಂದೇ ಫೈಲ್ ಮಾಡಿ ಇಟ್ಕೊಳ್ಳಿ, ನಡುವೆ ಅಳತೆಯ ನಿಶ್ಶಬ್ದ ಇರಲಿ. ಬೇರೆ ಬೇರೆ ಹಾಡಾಗಿ ಇಟ್ಟರೆ ಮೌನದ ಹತ್ತನೇ ಸೆಕೆಂಡಿಗೆ ಮುಂದಿನ ಹಾಡು ತಾನಾಗೇ ಶುರುವಾಗುತ್ತೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಬ್ಲೂಟೂತ್ ಬೇಡ, ವೈರ್ ಹಾಕಿ. ಜನರೇಟರ್ ಗುರ್ ಅನ್ನೋದು ಮೌನದಲ್ಲೇ ಜೋರಾಗಿ ಕೇಳೋದು, ಬ್ಯಾಟರಿ ಸ್ಪೀಕರ್ ಸಾಕು.

ಊದುವವರು ಸಿಕ್ಕರೆ: ತಣ್ಣಗಿನ ಹಿತ್ತಾಳೆಯಲ್ಲಿ ಶ್ರುತಿ ಇಳಿಯುತ್ತೆ, ಮೇಲಿನ ಸ್ವರ ಒಡೆಯುತ್ತೆ. ಮೌತ್‌ಪೀಸ್ ಜೇಬಲ್ಲಿಟ್ಟು ಬೆಚ್ಚಗೆ ಇರಿಸಿಕೊಳ್ಳಲಿ, ಐದು ನಿಮಿಷ ಮುಂಚೆಯಿಂದ ವಾದ್ಯದೊಳಗೆ ಸದ್ದಿಲ್ಲದೆ ಉಸಿರು ಬಿಡ್ತಾ ಇರಲಿ.

ಮೌನ ಒಂದು ನಿಮಿಷವೋ ಎರಡೋ ಅಂತ ಮೊದಲೇ ತೀರ್ಮಾನಿಸಿ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚು ಹಾಕಿ. ಗಡಿಯಾರ ನೋಡೋದು ನಿರೂಪಕರಲ್ಲ, ಬೇರೊಬ್ಬರು. ಮೈಕ್ ಹಿಡಿದವರಿಗೆ ಮೌನದ 30 ಸೆಕೆಂಡ್ ಮೂರು ನಿಮಿಷದ ಹಾಗನಿಸಿ ಬೇಗ ಕೈ ಎತ್ತಿಬಿಡ್ತಾರೆ.

ಕವಾಯತು:

@ತಂತಿಸದ್ದು ಒಂದು ತಿದ್ದುಪಡಿ. ಡಾನ್ ಸರ್ವಿಸ್‌ನಲ್ಲಿ ಮೌನದ ನಂತರ ವಾಡಿಕೆಯಾಗಿ ಬರೋದು ರಿವ್ಯಾಲಿ, ರೌಸ್ ಅಲ್ಲ. ರೌಸ್ ಹಗಲಿನ ಕಾರ್ಯಕ್ರಮಗಳಿಗೆ. ಎರಡನ್ನೂ ಜನ ರಿವ್ಯಾಲಿ ಅಂತಲೇ ಕರೆಯೋದರಿಂದ ಗೊಂದಲ. ರೌಸ್ ಬಹಳ ಚಿಕ್ಕದು, ಅರ್ಧ ನಿಮಿಷದ ಆಸುಪಾಸು. ಮೌನದ ನಂತರದ ರಾಗಕ್ಕೇ ಬಾವುಟ ಅರ್ಧದಿಂದ ತುದಿಗೇರಬೇಕು, ಹಾಗಾಗಿ ಎಳೆಯುವವರಿಗೆ ಯಾವುದು ಅಂತ ಮೊದಲೇ ತಿಳಿಸಿ, ಇಲ್ಲದಿದ್ದರೆ 2 ಮೀಟರ್ ಏರೋವಷ್ಟರಲ್ಲಿ ಸಂಗೀತ ಮುಗಿದಿರುತ್ತೆ.

ಹಗ್ಗರಾಟೆ:

ಹೌದು, ಅದಕ್ಕೇ ಆ ಧ್ವನಿಯನ್ನೇ ಹಾಕಿಕೊಂಡು ಅಭ್ಯಾಸ ಮಾಡಿ. ಇನ್ನೊಂದು: ರಿವ್ಯಾಲಿಗೆ ತುದಿಗೇರಿಸಿದ ಬಾವುಟವನ್ನು ಕಾರ್ಯಕ್ರಮ ಮುಗಿದ ಮೇಲೆ ಮತ್ತೆ ಅರ್ಧಕ್ಕಿಳಿಸೋಕೆ ಒಬ್ಬರನ್ನು ನೇಮಿಸಿ, 12 ಗಂಟೆಗೆ ಏರಿಸೋಕೂ ಒಬ್ಬರನ್ನು. ಎಲ್ಲರೂ ಗನ್‌ಫೈರ್ ಬ್ರೇಕ್‌ಫಾಸ್ಟ್‌ಗೆ (ಕಾರ್ಯಕ್ರಮದ ನಂತರದ ತಿಂಡಿ) ಹೋಗಿ ರಮ್ ಹಾಕಿದ ಕಾಫಿ ಕುಡಿಯೋವಾಗ ಕಂಬ ಮರೆತುಹೋಗುತ್ತೆ.

ಕಲ್ಲುಚಪ್ಪಡಿ:

ಪ್ರೆಶರ್ ವಾಷರ್ ಬೇಡವೇ ಬೇಡ. ಹಳೇ ಅಮೃತಶಿಲೆಯ ಮೇಲ್ಮೈ ಆಗಲೇ ಸಕ್ಕರೆಯ ಹಾಗೆ ಪುಡಿಪುಡಿಯಾಗಿರುತ್ತೆ, ನೀರಿನ ರಭಸಕ್ಕೆ ಕಣಗಳೇ ಎದ್ದು ಬರ್ತವೆ. ಜೊತೆಗೆ ಆ ಹೆಸರುಗಳನ್ನು ಬೆರಳಿಂದ ಸವರಿ ನೋಡಿ. ಬಣ್ಣವಲ್ಲ, ಸೀಸ ಆಗಿರಬಹುದು. ಕಲ್ಲಲ್ಲಿ ಅಕ್ಷರ ಕೊರೆದು, ಅದರೊಳಗೆ ಸಣ್ಣ ತೂತು ಹಾಕಿ, ಸೀಸವನ್ನು ಬಡಿದು ಕೂರಿಸಿರ್ತಾರೆ. ಅಂಚಲ್ಲಿ ನೀರು ನುಗ್ಗಿದರೆ ಅಕ್ಷರ ಉದುರುತ್ತೆ. ಯಾರದೋ ಮಗನ ಹೆಸರಿನ ಒಂದು ಅಕ್ಷರ ಚರಂಡಿಗೆ ಹೋಯಿತು ಅಂತಲೇ ಲೆಕ್ಕ.

ಬ್ಲೀಚ್, ಆಸಿಡ್, ತಂತಿ ಬ್ರಷ್ ಕೂಡ ಬೇಡ. ಬ್ಲೀಚ್ ಉಳಿಸಿಹೋಗುವ ಉಪ್ಪು ಕಲ್ಲೊಳಗೆ ಹರಳುಗಟ್ಟಿ ಪದರ ಸಿಡಿಸುತ್ತೆ. ತಂತಿ ಬ್ರಷ್‌ನ ಚೂರು ಸಿಕ್ಕಿಕೊಂಡು ತುಕ್ಕಿನ ಕಲೆಯಾಗುತ್ತೆ. ಮೊದಲು ಕೌನ್ಸಿಲ್‌ಗೆ ಕೇಳಿ, ಎಷ್ಟೋ ಸ್ಮಾರಕಗಳು ಹೆರಿಟೇಜ್ ಪಟ್ಟಿಯಲ್ಲಿವೆ. ಒಪ್ಪಿದರೆ ಬರೀ ನೀರು, ಮೆದು ಬ್ರಷ್. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲ ಮೊದಲು ಪರೀಕ್ಷಿಸಿ. ಕಲ್ಲನ್ನು ಪೂರ್ತಿ ನೆನೆಸಿ ಕೆಳಗಿಂದ ಮೇಲಕ್ಕೆ ಉಜ್ಜಿ. ಮೇಲಿಂದ ಶುರು ಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಹರಿದು ಗೆರೆ ಬೀಳುತ್ತೆ. ಅಕ್ಷರ ಅಲುಗಾಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಕಲ್ಲುಕೆಲಸದ ತಜ್ಞರನ್ನು ಕರೆಸಿ. ಖರ್ಚಿಗೆ ವೆಟರನ್ಸ್ ಅಫೇರ್ಸ್ ಇಲಾಖೆಯ 'ಸಲ್ಯೂಟಿಂಗ್ ದೆಯರ್ ಸರ್ವಿಸ್' ಅನುದಾನ ವಿಚಾರಿಸಿ.

ಆ ದಿನದ್ದೇ ಕಲೆಗಳೂ ಇವೆ. ಕಾಗದದ ಪಾಪಿ ಹೂವು ಮಳೆಗೆ ನೆಂದು ಬಿಳಿ ಕಲ್ಲಿಗೆ ಕೆಂಪು ಹತ್ತಿಸುತ್ತೆ, ಹಾರದ ಕಬ್ಬಿಣದ ತಂತಿ ತುಕ್ಕು ಬಿಡುತ್ತೆ, ಮೇಣದಬತ್ತಿಯ ಮೇಣ ಒಳಗೆ ಇಳಿಯುತ್ತೆ. ಹಾರಗಳಿಗೆ ಮರದ ಸ್ಟ್ಯಾಂಡ್ ಮಾಡಿಸಿ.

ಗೋಧಿಸೀಮೆ:

ಎಲ್ಲರಿಗೂ ಧನ್ಯವಾದ. ಸೀಸದ ಅಕ್ಷರಗಳೇ, ನೋಡಿದೆ. ಇನ್ನೊಂದು ಗೊಂದಲ: ಪಟ್ಟಿಯಲ್ಲಿರುವ ಕೆಲವು ಹೆಸರು ಪಕ್ಕದೂರಿನ ಸ್ಮಾರಕದಲ್ಲೂ ಇವೆ. ಕೆಲವರು ಬದುಕಿ ವಾಪಸ್ ಬಂದವರು. ತಪ್ಪು ಕೆತ್ತಿದ್ದಾರಾ?

ದಫ್ತರು:

ತಪ್ಪಲ್ಲ. ಮೊದಲ ಮಹಾಯುದ್ಧಕ್ಕೆ ಕಟ್ಟಿದ ಆಸ್ಟ್ರೇಲಿಯಾದ ಸೇನೆ ಎಐಎಫ್‌ಗೆ ಹೋದವರೆಲ್ಲ ಸ್ವಯಂಪ್ರೇರಿತರು. ಕಡ್ಡಾಯವಾಗಿ ಹೊರದೇಶಕ್ಕೆ ಕಳಿಸುವ ಪ್ರಸ್ತಾವವನ್ನು ಜನ 1916ರಲ್ಲೂ 1917ರಲ್ಲೂ ಮತ ಹಾಕಿ ತಿರಸ್ಕರಿಸಿದರು. ಹಾಗಾಗಿ ಹೋದದ್ದೇ ದೊಡ್ಡದು ಅಂತ ಎಷ್ಟೋ ಊರುಗಳು ಹೋದವರೆಲ್ಲರ ಹೆಸರು ಕೆತ್ತಿಸಿದವು, ಸತ್ತವರಿಗೆ ಪಕ್ಕದಲ್ಲಿ ಒಂದು ಶಿಲುಬೆಯೋ ನಕ್ಷತ್ರವೋ. ಹುಟ್ಟಿದ್ದು ಒಂದೂರು, ಕುರಿ ಉಣ್ಣೆ ಕತ್ತರಿಸುವ ಕೆಲಸ ಇನ್ನೊಂದೂರು ಅಂತಿದ್ದವರನ್ನು ಎರಡೂ ಊರು ನಮ್ಮವನು ಅಂದವು. ಒಬ್ಬನೇನಾ ಅಂತ ಖಾತ್ರಿ ಮಾಡಿಕೊಳ್ಳೋಕೆ ಹೆಸರು ನಂಬಬೇಡಿ, ಸರ್ವಿಸ್ ನಂಬರ್ ನೋಡಿ. ನ್ಯಾಷನಲ್ ಆರ್ಕೈವ್ಸ್‌ನ ಬಿ2455 ಸರಣಿಯ ಕಡತಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗ್ತವೆ. ಅಂದಿನ ಸ್ಥಳೀಯ ಪತ್ರಿಕೆಗಳಿಗೆ ಟ್ರೋವ್ ಜಾಲತಾಣ.

ಭಾಷಣದ ವಿಷಯಕ್ಕೆ ಬರ್ತೀನಿ. 1911ರಿಂದ ಹುಡುಗರಿಗೆ ಕಡ್ಡಾಯ ತರಬೇತಿ ಇತ್ತು: 12ರಿಂದ 14 ಜೂನಿಯರ್ ಕೆಡೆಟ್, 14ರಿಂದ 18 ಸೀನಿಯರ್ ಕೆಡೆಟ್, ಆಮೇಲೆ 26ರವರೆಗೆ ಸಿಟಿಜನ್ ಫೋರ್ಸಸ್ (ಅರೆಕಾಲಿಕ ಸೇನೆ). 1929ರಲ್ಲಿ ನಿಂತಿತು. ಆದರೆ ತರಬೇತಿ ಜಾಗದಿಂದ 5 ಮೈಲಿಗಿಂತ ದೂರ ಇದ್ದವರಿಗೆ ವಿನಾಯಿತಿ ಇತ್ತು. ದೂರದ ಹೊಲಮನೆಗಳ ಎಷ್ಟೋ ಹುಡುಗರು ಈ ಕಡ್ಡಾಯದ ಆಚೆಗೇ ಉಳಿದರು. 'ಹಳ್ಳಿಯವರೆಲ್ಲ ಹುಟ್ಟು ಸೈನಿಕರು' ಅನ್ನೋ ಮಾತನ್ನು ಕೆಡೆಟ್ ಬಾಯಲ್ಲಿ ಹೇಳಿಸಬೇಡಿ. ಹಳ್ಳಿಗಾಡಲ್ಲಿ ಇದ್ದದ್ದು ರೈಫಲ್ ಕ್ಲಬ್‌ಗಳು, ಕುದುರೆ ಬಲ್ಲವರಿಗೆ ಲೈಟ್ ಹಾರ್ಸ್ ಅನ್ನೋ ಕುದುರೆ ಪಡೆ. ಲೈಟ್ ಹಾರ್ಸ್ ಪಾಠದ ತಿರುಳು ನಾಲ್ವರ ಗುಂಪು: ಹೋರಾಡೋವಾಗ ಮೂವರು ಇಳಿದು ರೈಫಲ್ ಹಿಡೀತಾರೆ, ನಾಲ್ಕನೆಯವನು ನಾಲ್ಕೂ ಕುದುರೆ ಹಿಡಿದು ಹಿಂದೆ ನಿಲ್ತಾನೆ. ಕಾದಾಡುವವರ ಸಂಖ್ಯೆ ಆಗಲೇ ಕಾಲು ಭಾಗ ಕಡಿಮೆ ಆಯ್ತಲ್ಲ. ಇದೊಂದನ್ನು ನಾಲ್ವರು ಕೆಡೆಟ್‌ಗಳ ಲೆಕ್ಕದಲ್ಲಿ ವಿವರಿಸಿದರೆ ಮಕ್ಕಳಿಗೂ ಅರ್ಥ ಆಗುತ್ತೆ.

ನ್ಯೂ ಸೌತ್ ವೇಲ್ಸ್ ಊರು ಅಂದಿದ್ದೀರಿ, ಗಿಲ್ಗಾಂಡ್ರಾದ ಕೂಯೀ ಮಾರ್ಚ್ (ಸೇನೆ ಸೇರೋಕೆ ಸಿಡ್ನಿಗೆ ನಡೆದು ಹೋದವರ ಮೆರವಣಿಗೆ) ಸೇರಿಸಿ. 1915ರ ಅಕ್ಟೋಬರ್ 10ಕ್ಕೆ ಹೊರಟವರು 26 ಜನ, ದಾರಿಯ ಊರೂರಲ್ಲಿ ಸೇರಿಸಿಕೊಳ್ತಾ ನವೆಂಬರ್ 12ಕ್ಕೆ ಸಿಡ್ನಿ ಮುಟ್ಟುವಾಗ 263. ಅವರ ನಿಜವಾದ ತರಬೇತಿ ಶುರುವಾದದ್ದು ಆಮೇಲೆ ಶಿಬಿರದಲ್ಲಿ. ಮೂರು ನಿಮಿಷಕ್ಕೆ ಇಷ್ಟು ಧಾರಾಳ. 1915ರಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಲೈಟ್ ಹಾರ್ಸ್‌ನವರು ಕುದುರೆ ಬಿಟ್ಟು ಕಾಲಾಳುಗಳಾಗಿ ಕಾದಿದ್ದು, ಕುದುರೆ ದಾಳಿ ಮಾಡಿದ ಪ್ಯಾಲೆಸ್ಟೈನಿನ ಬೀರ್ಶೆಬಾ ಕದನ 1917ರ ಅಕ್ಟೋಬರ್ 31ರದ್ದು. ಮಕ್ಕಳ ಭಾಷಣದಲ್ಲಿ ಈ ಎರಡು ಯಾವಾಗಲೂ ಕಲಸಿಹೋಗ್ತವೆ.

ನಮ್ಮವರಿಗಾಗಿ ಒಂದು ಅಡ್ಡಮಾತು: 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದ ಮೈಸೂರು ಮತ್ತು ಜೋಧ್‌ಪುರ ಲ್ಯಾನ್ಸರ್ಸ್ ಇದ್ದದ್ದು ಆಸ್ಟ್ರೇಲಿಯಾದ ಹ್ಯಾರಿ ಶೋವೆಲ್ ನಾಯಕತ್ವದ ಡೆಸರ್ಟ್ ಮೌಂಟೆಡ್ ಕೋರ್‌ನಲ್ಲೇ, ಲೈಟ್ ಹಾರ್ಸ್ ಜೊತೆಗೆ. ಭಾಷಣಕ್ಕೆ ಬೇಡ, ತಿಂಡಿ ಹೊತ್ತಿನ ಮಾತಿಗೆ ಆಗುತ್ತೆ.

ಕವಾಯತು:

ಮರೆತಿದ್ದೆ. ಅಜ್ಜ, ಮುತ್ತಜ್ಜನ ಪದಕ ಹಾಕಿಕೊಂಡು ಬರುವವರು ಎದೆಯ ಬಲಗಡೆ ಹಾಕಬೇಕು, ಎಡಗಡೆ ಪದಕ ಗಳಿಸಿದವರದ್ದೇ. ಕಾರ್ಯಕ್ರಮ ಪಟ್ಟಿಯ ಹಿಂಬದಿ ಒಂದು ಸಾಲು ಹಾಕಿ. ರೋಸ್‌ಮೇರಿ ಕಡ್ಡಿ (ನೆನಪಿನ ಗುರುತಾಗಿ ಎದೆಗೆ ಸಿಕ್ಕಿಸೋದು) ಹಿಂದಿನ ಸಂಜೆ ಕತ್ತರಿಸಿ, ಬೆರಳುದ್ದ, ಕೆಳಗಿನ ಎಲೆ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಪಿನ್ ಜೊತೆಗೇ ಕೊಡಿ, ಕತ್ತಲಲ್ಲಿ ಬೇರೆ ಡಬ್ಬಿ ಹುಡುಕೋದು ಕಷ್ಟ.