ಐಸೊಲೇಟರ್ ಹಿಡಿಕೆಗೆ ಅರ್ಥಿಂಗ್ ಇದ್ದರೂ ಮ್ಯಾಟ್ ಬೇಕೇ?

ಪ್ರಶ್ನೆ: ಸಬ್‌ಸ್ಟೇಷನ್‌ನಲ್ಲಿ ಕೈಯಿಂದ ನಡೆಸುವ ಐಸೊಲೇಟರ್‌ನ (ವಿದ್ಯುತ್ ಮಾರ್ಗವನ್ನು ಬೇರ್ಪಡಿಸುವ ಸ್ವಿಚ್) ಹಿಡಿಕೆಯನ್ನು ಅರ್ಥಿಂಗ್ ಜಾಲಕ್ಕೆ (ನೆಲದಡಿ ಹೂತ ವಾಹಕಗಳ ಬಲೆ) ಜೋಡಿಸಿರುವಾಗ, ಆಪರೇಟರ್ ನಿಲ್ಲುವ ಜಾಗದಲ್ಲಿ ಲೋಹದ ಮ್ಯಾಟ್ ಏಕೆ ಬೇಕು? ನೆಲಕ್ಕೆ ಹಾಸಿದ ಜಲ್ಲಿ ಸಾಲದೇ?

ಉತ್ತರ 1: ಫಾಲ್ಟ್ ಆಗಿ ಭಾರೀ ಕರೆಂಟ್ ನೆಲಕ್ಕೆ ಹರಿದಾಗ ಜಾಲದ ವೋಲ್ಟೇಜ್ ದೂರದ ನೆಲಕ್ಕಿಂತ ಸಾವಿರಾರು ವೋಲ್ಟ್ ಮೇಲೇರಬಹುದು, ಹಿಡಿಕೆಯೂ ಅದರೊಂದಿಗೆ ಏರುತ್ತದೆ, ಆದರೆ ಕಾಲಡಿಯ ಮಣ್ಣು ಅಷ್ಟು ಏರದ ಕಾರಣ ಕೈಗೂ ಕಾಲಿಗೂ ನಡುವೆ ಸ್ಪರ್ಶ ವೋಲ್ಟೇಜ್ ಉಂಟಾಗುತ್ತದೆ. ಸಬ್‌ಸ್ಟೇಷನ್ ಅರ್ಥಿಂಗ್‌ನ ಮಾರ್ಗಸೂಚಿಯಾದ ಐಇಇಇ 80 ದೇಹದ ರೋಧವನ್ನು ಬರೀ 1000 ಓಮ್ ಎಂದು ಎಣಿಸುತ್ತದೆ. ಮ್ಯಾಟನ್ನು ಹಿಡಿಕೆಗೆ ಗಿಡ್ಡ ತಂತಿಯಿಂದ ನೇರವಾಗಿ ಜೋಡಿಸಿದರೆ ಎರಡೂ ಒಟ್ಟಿಗೆ ಏರಿಳಿಯುತ್ತವೆ. ಜಲ್ಲಿ ರೋಧವನ್ನು ಹೆಚ್ಚಿಸುತ್ತದೆ ನಿಜ, ಆದರೆ ಸಂದುಗಳಲ್ಲಿ ಮಣ್ಣು ತುಂಬಿಕೊಂಡರೆ ಆ ಲಾಭ ಕುಗ್ಗುತ್ತದೆ.

ಉತ್ತರ 2: ಹಿಡಿಕೆಯೊಂದಿಗೆ ತಿರುಗುವ ಶಾಫ್ಟ್‌ನ ಬೇರಿಂಗನ್ನೇ ಅರ್ಥಿಂಗ್‌ಗೆ ವಾಹಕವೆಂದು ನಂಬಬೇಡಿ. ಶಾಫ್ಟನ್ನು ಅರ್ಥಿಂಗ್‌ಗೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿ ಇದ್ದರೂ, ಬೋಲ್ಟ್ ಬಿಗಿದ ಜಾಗದಲ್ಲಿ ಎಳೆಗಳು ಒಂದೊಂದಾಗಿ ತುಂಡಾಗಿವೆಯೇ ಎಂದು ಹಿಡಿಕೆ ಮುಟ್ಟುವ ಮೊದಲೇ ನೋಡಿಕೊಳ್ಳಿ.

ಪ್ರಶ್ನಿಸಿದವರು: ಹಾಗಾದರೆ ಎರಡೂ ಕಾಲು ಮ್ಯಾಟ್ ಮೇಲೆಯೇ ಇರಬೇಕೆಂದಾಯಿತು.

ಉತ್ತರ 1: ಹೌದು.