ಡಾಟಿಫ್‌ಗೆ ‘ಚತುರ್ಥಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಜರ್ಮನ್ ವ್ಯಾಕರಣದಲ್ಲಿ ‘ಡಾಟಿಫ್’ ಅನ್ನುವ ವಿಭಕ್ತಿ ಇದೆ. ಅದಕ್ಕೆ ಕನ್ನಡದಲ್ಲಿ ಏನು ಹೆಸರು ಇಡಬೇಕು ಅನ್ನುವ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನನ್ನ ಅಕ್ಕನ ಮಗಳು ನರ್ಸ್. ಜರ್ಮನಿಗೆ ಕೆಲಸಕ್ಕೆ ಹೋಗಬೇಕು ಅಂತ ಜರ್ಮನ್ ಕಲಿಯುತ್ತಿದ್ದಾಳೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಜರ್ಮನ್ ಪಾಠವೆಲ್ಲ ಇಂಗ್ಲಿಷ್ ಮೂಲಕ ನಡೆಯುತ್ತದೆ. ‘ಇನ್‌ಡೈರೆಕ್ಟ್ ಆಬ್ಜೆಕ್ಟ್’ ಅಂದ ಕೂಡಲೇ ಅವಳಿಗೆ ಜರ್ಮನ್‌ಗಿಂತ ಮೊದಲು ಇಂಗ್ಲಿಷೇ ಅಡ್ಡ ಬರುತ್ತದೆ. ನಾನು ಕೆಲವು ವರ್ಷ ಸ್ಟುಟ್‌ಗಾರ್ಟ್‌ನಲ್ಲಿ ಇದ್ದವನು. ಹಾಗಾಗಿ ವಾರಕ್ಕೆರಡು ಸಂಜೆ ಕೂತು ಅವಳಿಗೆ ಕನ್ನಡದಲ್ಲೇ ಟಿಪ್ಪಣಿ ಬರೆದುಕೊಡುತ್ತಿದ್ದೇನೆ.

ಜರ್ಮನ್‌ನಲ್ಲಿ ನಾಲ್ಕು ವಿಭಕ್ತಿ: ನೊಮಿನಟಿಫ್, ಅಕ್ಕುಸಟಿಫ್, ಡಾಟಿಫ್, ಗೆನಿಟಿಫ್. ಮೊದಲ ದಿನ ಜಾಸ್ತಿ ಯೋಚಿಸದೆ ಪ್ರಥಮಾ, ದ್ವಿತೀಯಾ, ಚತುರ್ಥಿ, ಷಷ್ಠಿ ಅಂತ ಬರೆದುಕೊಟ್ಟೆ. ‘ಉ, ಅನ್ನು, ಇಂದ, ಗೆ’ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಅವಳಿಗೆ ಇನ್ನೂ ನೆನಪಿದೆ. ಮುಖ ಅರಳಿತು.

ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಹೊಂದಿತು. ಚಳಿ ಆದರೆ ಜರ್ಮನ್ನರು ‘ಮೀರ್ ಇಸ್ಟ್ ಕಾಲ್ಟ್’ ಅನ್ನುತ್ತಾರೆ. ‘ಮೀರ್’ ಅಂದರೆ ನನಗೆ. ನಮ್ಮ ‘ನನಗೆ ಚಳಿ’ ಇದ್ದ ಹಾಗೇ. ತಲೆನೋವಿಗೆ ‘ಮೀರ್ ಟೂಟ್ ಡೇರ್ ಕೋಪ್ಫ್ ವೇ’, ಅಂದರೆ ನನಗೆ ತಲೆ ನೋಯುತ್ತಿದೆ. ತಲೆ ಸುತ್ತಿದರೂ ‘ಮೀರ್’, ವಾಕರಿಕೆ ಬಂದರೂ ‘ಮೀರ್’. ರೋಗಿಯ ಬಾಯಿಂದ ದಿನಾ ಕೇಳಬೇಕಾದ ಮಾತುಗಳು ಇವು. ಇಂಗ್ಲಿಷ್ ದಾರಿಯಲ್ಲಿ ಬಂದವರು ಇಲ್ಲಿ ‘ನಾನು’ ಹಾಕಿ ತಪ್ಪುತ್ತಾರೆ. ಕನ್ನಡದವರಿಗೆ ಆ ಕಷ್ಟವೇ ಇಲ್ಲ. ‘ನಿನಗೆ ಸಹಾಯ ಮಾಡುತ್ತೇನೆ’ ಅನ್ನುವಲ್ಲೂ ಹೀಗೇ: ‘ಇಷ್ ಹೆಲ್ಫೆ ಡೀರ್’. ‘ಡೀರ್’ ಅಂದರೆ ನಿನಗೆ. ಹಾಗಂತ ಎಲ್ಲ ಕಡೆ ಹೀಗಿಲ್ಲ. ನಮಗೆ ಹಸಿವಾದರೆ ‘ನನಗೆ’, ಅವರು ‘ನಾನು ಹಸಿವು ಹೊಂದಿದ್ದೇನೆ’ ಅನ್ನುವ ಜಾತಿಯವರು. ಅದನ್ನು ಸುಮ್ನೆ ನೆನಪಿಟ್ಟುಕೊಂಡರೆ ಆಯಿತು.

ತೊಂದರೆ ಶುರುವಾಗಿದ್ದು ಆಸ್ಪತ್ರೆಯಲ್ಲಿ. ‘ನಾನು ಆಸ್ಪತ್ರೆಗೆ ಹೋಗುತ್ತೇನೆ’ ಅನ್ನೋದಕ್ಕೆ ಅವಳು ‘ಇಷ್ ಗೇಹೆ ಇಮ್ ಕ್ರಾಂಕೆನ್‌ಹೌಸ್’ ಅಂತ ಬರೆದಳು. ಯಾಕೆ ಅಂದರೆ, “ಆಸ್ಪತ್ರೆಗೆ ಅಂತ ಇದೆಯಲ್ವಾ ಮಾವ, ‘ಗೆ’ ಅಂದ್ರೆ ಚತುರ್ಥಿ, ಚತುರ್ಥಿ ಅಂದ್ರೆ ಡಾಟಿಫ್” ಅಂದಳು. ಅವಳ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅವಳು ಬರೆದ ವಾಕ್ಯಕ್ಕೆ ಆಸ್ಪತ್ರೆಯ ಒಳಗೇ ನಡೆದಾಡುತ್ತಿದ್ದೇನೆ ಅನ್ನುವ ಅರ್ಥ ಬರುತ್ತದೆ. ‘ಆಸ್ಪತ್ರೆಗೆ’ ಅನ್ನಲು ‘ಇನ್ಸ್ ಕ್ರಾಂಕೆನ್‌ಹೌಸ್’ ಆಗಬೇಕು, ಅದು ಅಕ್ಕುಸಟಿಫ್. ‘ಆಸ್ಪತ್ರೆಯಲ್ಲಿ’ ಅನ್ನಲು ‘ಇಮ್’, ಅದು ಡಾಟಿಫ್. ನಾವು ‘ಗೆ’ ಹಚ್ಚುವ ಕಡೆ ಅವರು ದ್ವಿತೀಯಾ, ನಾವು ಸಪ್ತಮಿ ಹಚ್ಚುವ ಕಡೆ ಅವರು ‘ಚತುರ್ಥಿ’. ತಪ್ಪು ಅವಳದಲ್ಲ, ನಾನು ಕೊಟ್ಟ ಹೆಸರಿನದು.

ಆಮೇಲೆ ನೋಡುತ್ತಾ ಹೋದರೆ ಡಾಟಿಫ್ ನಮ್ಮ ನಾಲ್ಕಾರು ವಿಭಕ್ತಿಗಳ ಕೆಲಸ ಹೊತ್ತಿದೆ. ‘ಚಾಕುವಿನಿಂದ’ ಅನ್ನಲು ‘ಮಿಟ್ ಡೇಮ್ ಮೆಸ್ಸರ್’, ‘ಡಾಕ್ಟರಿಂದ’ ಅನ್ನಲು ‘ಫೋಮ್ ಆರ್ಟ್ಸ್ಟ್’, ‘ಗೆಳೆಯನ ಜೊತೆ’ ಅನ್ನಲು ‘ಮಿಟ್ ಡೇಮ್ ಫ್ರಾಯ್ಂಡ್’. ಎಲ್ಲವೂ ಡಾಟಿಫ್. ಇದಕ್ಕೆಲ್ಲ ಚತುರ್ಥಿ ಅಂದರೆ ಕಲಿಯುವವರ ಕಣ್ಣು ಮತ್ತೆ ಮತ್ತೆ ‘ಗೆ’ ಹುಡುಕುತ್ತದೆ.

ಇನ್ನೂ ಒಂದು ಗೊಂದಲ ಇದೆ. ಜರ್ಮನ್ ಶಾಲೆಗಳಲ್ಲಿ ವಿಭಕ್ತಿಗಳನ್ನು ಅಂಕಿಯಿಂದಲೂ ಕರೆಯುತ್ತಾರೆ. ಅವರ ಸಾಲು ಲ್ಯಾಟಿನ್ ವ್ಯಾಕರಣದಿಂದ ಬಂದದ್ದು: ನೊಮಿನಟಿಫ್ 1, ಗೆನಿಟಿಫ್ 2, ಡಾಟಿಫ್ 3, ಅಕ್ಕುಸಟಿಫ್ 4. ನಮ್ಮದು ಸಂಸ್ಕೃತದ ಸಾಲು. ಅಂದರೆ ಅಲ್ಲಿನವರು ‘ನಾಲ್ಕನೆಯದು’ ಅಂದರೆ ನಮ್ಮ ದ್ವಿತೀಯಾ! ನಾಳೆ ಅಲ್ಲಿನ ಪುಸ್ತಕ ಹಿಡಿದಾಗ ಈ ಹುಡುಗಿ ಏನು ಮಾಡಬೇಕು?

ಅಲ್ಲಿನ ಮಕ್ಕಳಿಗೆ ಇನ್ನೊಂದು ರೀತಿಯೂ ಹೇಳಿಕೊಡುತ್ತಾರೆ. ಪ್ರಶ್ನೆ ಕೇಳುವ ಪದವನ್ನೇ ವಿಭಕ್ತಿಯ ಹೆಸರು ಮಾಡುತ್ತಾರೆ. ವೇರ್, ವೇನ್, ವೇಮ್, ವೆಸ್ಸನ್. ಕನ್ನಡದಲ್ಲಿ ಯಾರು, ಯಾರನ್ನು, ಯಾರಿಗೆ, ಯಾರ. ಪುಲ್ಲಿಂಗದ ನಾಮಪದಗಳ ಮುಂದೆ ಬರುವ ಡೇರ್, ಡೇನ್, ಡೇಮ್, ಡೆಸ್ ನೋಡಿ, ಪ್ರಶ್ನೆಯ ಬಾಲವೇ ಉತ್ತರದಲ್ಲೂ ಇದೆ. ಯಾರನ್ನು–ಅವರನ್ನು, ಯಾರಿಗೆ–ಅವರಿಗೆ ಅಂತ ನಮ್ಮಲ್ಲೂ ಹಾಗೇ ಅಲ್ವಾ? ಇದನ್ನು ಪಕ್ಕಪಕ್ಕ ಬರೆದು ತೋರಿಸಿದಾಗ ಅವಳು ಒಂದೇ ಸಲಕ್ಕೆ ಹಿಡಿದಳು. ಈಗ ಟಿಪ್ಪಣಿಯಲ್ಲಿ ಡಾಟಿಫ್‌ಗೆ ‘ಯಾರಿಗೆ-ರೂಪ’ ಅಂತ ಬರೆಯುತ್ತಿದ್ದೇನೆ. ‘ಎಲ್ಲಿಗೆ’ ಅನ್ನುವ ಪ್ರಶ್ನೆಗೆ ಬೇರೆ ಪುಟ ಇಟ್ಟಿದ್ದೇನೆ.

ಕೆಲವು ಕಡೆ ಸರಿಯಾದ ಕನ್ನಡ ಕ್ರಿಯಾಪದ ಆರಿಸಿದರೇ ತೊಡಕು ಬಿಡುತ್ತದೆ. ‘ನಿನಗೆ ಫೋನ್ ಮಾಡುತ್ತೇನೆ’ ಜರ್ಮನ್‌ನಲ್ಲಿ ‘ಇಷ್ ರೂಫೆ ಡಿಷ್ ಆನ್’. ‘ಡಿಷ್’ ಅಂದರೆ ನಿನ್ನನ್ನು. ‘ರೂಫೆನ್’ ಅಂದರೆ ಕರೆಯುವುದು ಅಂತ ಹೇಳಿದ ಮೇಲೆ ಅವಳೇ “ಹಾಗಾದ್ರೆ ನಿನ್ನನ್ನು ಕರೀತೀನಿ, ಸರಿ” ಅಂದಳು. ಮತ್ತೆ ಅಲ್ಲಿ ತಪ್ಪಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ‘ಯಾರಿಗೆ-ರೂಪ’ ಅನ್ನೋದು ಓದುವಾಗ ಸಹಜವಾಗಿದೆಯಾ, ಅಥವಾ ‘ಯಾರಿಗೆ-ವಿಭಕ್ತಿ’ ಅಂತಲೇ ಇರಲಾ? ನಮ್ಮ ಶಾಲೆಗಳಲ್ಲಿ ಯಾರಾದರೂ ವಿಭಕ್ತಿಗಳನ್ನು ಹೀಗೆ ಪ್ರಶ್ನೆಯ ಹೆಸರಿನಿಂದ ಕಲಿಸಿದ್ದು ನಿಮಗೆ ನೆನಪಿದೆಯಾ? ನಾಮಪದದ ಮುಂದೆ ಬರುವ, ಇಂಗ್ಲಿಷಿನ ‘ದಿ’ ಇದ್ದ ಹಾಗಿನ ಡೇರ್, ಡೀ, ಡಾಸ್‌ಗೆ ನಮ್ಮಲ್ಲಿ ಸಾಟಿಯಿಲ್ಲ, ಅದಕ್ಕೆ ಸದ್ಯ ‘ಮುನ್ನುಡಿ ಪದ’ ಅಂತ ಬರೆದಿದ್ದೇನೆ. ಪುಸ್ತಕದ ಮುನ್ನುಡಿ ನೆನಪಾಗಿ ಅದು ನನಗೇ ಒಪ್ಪಿಗೆ ಆಗುತ್ತಿಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ. ಶನಿವಾರ ಆ ಪುಟ ಅವಳಿಗೆ ಕೊಡಬೇಕು.